ಎರಡನೇ ಬೆಂಚಿನ ದೆವ್ವ

ಸೆಂಪೆಬ್ವ ಹೆದರಿಸಲು ಬಾಯಿ ತೆರೆದರೆ ಬುಗಾಂಡದ ಮಿಟ್ಯಾನಾ ಪೇಟೆಯ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅದು ಅವನ ಹಣೆಬರಹವೋ ಗಂಟಲಿನ ದೋಷವೋ ಯಾರಿಗೂ ಬಗೆಹರಿದಿರಲಿಲ್ಲ. ಹೊಡೆದಾಟದ ಚಿತ್ರವಾದರೆ ಅವನನ್ನು ಮೀರಿಸುವ ವೀಜೆ ಸುತ್ತ ಹತ್ತೂರಿನಲ್ಲಿ ಇರಲಿಲ್ಲ. ತಗಡಿನ ಶೆಡ್ಡಿನಲ್ಲಿ ಪರದೆಯ ಪಕ್ಕ ಮೇಜು ಹಾಕಿಕೊಂಡು, ಪರದೇಶದ ಚಿತ್ರದ ದನಿ ತಗ್ಗಿಸಿ, ಅದರ ಮೇಲೆ ಮೈಕಿನಲ್ಲಿ ಲುಗಾಂಡಾ ಮಾತು ಹರಿಸುವುದು ವೀಜೆಯ ಕಸುಬು. ಚಿತ್ರದಲ್ಲಿ ಯಾರು ಏನೇ ಹೇಳಲಿ, ಜನ ಕೇಳುವುದು ವೀಜೆ ಹೇಳಿದ್ದನ್ನೇ. ಸೆಂಪೆಬ್ವನ ಬಾಯಲ್ಲಿ ಹಾಂಕಾಂಗಿನ ಕಳ್ಳರು ಮಿಟ್ಯಾನಾ ಮಾರುಕಟ್ಟೆಯಲ್ಲಿ ಕೋಳಿ ಕದಿಯುತ್ತಿದ್ದರು, ಅಮೆರಿಕದ ಪತ್ತೇದಾರರು ಬಾಡಿಗೆ ಬೈಕಿನವನ ಹತ್ತಿರ ಚೌಕಾಸಿಗೆ ನಿಲ್ಲುತ್ತಿದ್ದರು.

ಆದರೆ ಆ ವರ್ಷ ಹೊಡೆದಾಟಕ್ಕೆ ಬೆಲೆ ಇಳಿದು ದೆವ್ವಗಳಿಗೆ ಕಾಲ ಬಂತು. ಶೆಡ್ಡಿನ ಯಜಮಾನನನ್ನು ಅವಳಿ ಮಕ್ಕಳ ಅಪ್ಪನೆಂದು ಊರೆಲ್ಲ ಸಾಲೊಂಗೊ ಎಂದೇ ಕರೆಯುತ್ತಿತ್ತು. ಆತ ಶುಕ್ರವಾರ ಬೆಳಿಗ್ಗೆ ಸೆಂಪೆಬ್ವನನ್ನು ಹಿಡಿದು ನಿಲ್ಲಿಸಿದ.

"ಅಲ್ಲಯ್ಯಾ, ಹೆಣ ಎದ್ದು ಕೂತ್ರೂ ಜನ ಆರಾಮಾಗಿ ಕಡಲೆಕಾಯಿ ಸುಲೀತಾ ಕೂತಿರ್ತಾರಲ್ಲೋ! ಏನು ಹೇಳ್ದೆ ನಿನ್ನೆ?"

"ಹೆಣ ಯಾಕೆ ಎದ್ದಿತು ಅಂತ ಜನಕ್ಕೆ ಗೊತ್ತಾಗ್ಬೇಕಲ್ಲ ಸಾಲೊಂಗೊ. ಒಂದಕ್ಕೆ ಅವಸರ ಆಗಿತ್ತು, ಅದಕ್ಕೆ ಎದ್ದಿತು ಅಂದೆ."

"ನಿನ್ನ ತಲೆ! ನಾಳೆ ಶನಿವಾರ ಎರಡು ಆಟ ಇದೆ. ಎರಡು ಗಂಟೆಗೊಂದು, ಐದು ಗಂಟೆಗೊಂದು. ಎರಡರಲ್ಲೂ ಜನ ಕಿಟಾರ್ ಅಂತ ಕಿರುಚ್ಬೇಕು. ಇಲ್ದಿದ್ರೆ ಭಾನುವಾರದಿಂದ ಆ ಮೈಕು ಲುಬೆಗಾನ ಕೈಗೆ."

ಲುಬೆಗಾ ಪಕ್ಕದ ಪೇಟೆಯವನು. ಅವನು ಕೆಮ್ಮಿದರೆ ನಾಯಿಗಳು ಬಾಲ ಮುದುರಿಕೊಳ್ಳುತ್ತವೆ ಎಂಬ ಖ್ಯಾತಿ ಇತ್ತು.

ಆರನೇ ತರಗತಿಗೆ ಶಾಲೆ ಬಿಟ್ಟವನು ಸೆಂಪೆಬ್ವ. ಮನೆಯಲ್ಲಿ ಆರು ಜನ ಅಣ್ಣಂದಿರು. ಅವನ ಮಾತನ್ನು ಯಾರೂ ಪೂರ್ತಿ ಕೇಳಿದ್ದೇ ಇಲ್ಲ. ಮೈಕು ಕೈಗೆ ಬಂದ ಮೇಲೆ ಮುನ್ನೂರು ಜನ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಅದು ಹೋದರೆ ತಾನು ಮತ್ತೆ ಏಳನೆಯವನಾಗಿಬಿಡುತ್ತೇನೆ ಎಂಬುದು ಅವನ ಭಯ.

ಅವನ ಹೆಂಡತಿ ನಕಿಯಿಂಗಿ ಈ ಸಂಕಟವನ್ನು ಫೋನಿನಲ್ಲಿ ತನ್ನ ತಾಯಿಗೆ ಹೇಳಿಕೊಂಡಳು. ತಾಯಿ ನಬುಕೇರ ಬುಸುಂಜುವಿನವಳು, ಇಗರ್ಜಿಯ ಹಾಡಿನ ಮೇಳದ ಮುಂದಾಳು. ಕಿರುಚಾಟವೇ ಬೇಕಾಗಿದ್ದರೆ ಅದೇನು ಮಹಾ ಎಂದು ಆಕೆ ಮೇಳದ ಹನ್ನೊಂದು ಹೆಂಗಸರನ್ನು ಗುಡ್ಡೆಹಾಕಿ, ಅಳಿಯನಿಗೂ ಮಗಳಿಗೂ ಸುಳಿವು ಕೊಡದೆ, ಶನಿವಾರ ಮಧ್ಯಾಹ್ನದ ವ್ಯಾನಿನಲ್ಲಿ ಹೊರಟೇಬಿಟ್ಟಳು.

ಇಲ್ಲಿ ಒಂದು ತೊಡಕಿತ್ತು. ಅತ್ತೆ ಅಳಿಯ ಎಂದರೆ ಬುಗಾಂಡದಲ್ಲಿ ಹುಡುಗಾಟವಲ್ಲ. ಒಬ್ಬರನ್ನೊಬ್ಬರು ಮುಟ್ಟಬಾರದು, ಒಂದೇ ಕೋಣೆಯಲ್ಲಿ ಕೂರಬಾರದು, ಮುಖಕ್ಕೆ ಮುಖ ಕೊಟ್ಟು ನಿಲ್ಲಬಾರದು. ಮೈ ತಾಗಿತೋ, ಕೈಕಾಲು ನಡುಗುವ ರೋಗ ಹತ್ತುತ್ತದೆ, ಹತ್ತಿದ್ದು ಬಿಡುವುದಿಲ್ಲ. ಪಟ್ಟಣದ ಓದಿದ ಹುಡುಗರು ಇದನ್ನು ಕೇಳಿ ನಗುತ್ತಾರೆ, ಆಮೇಲೆ ತಮ್ಮ ಅತ್ತೆ ಬಂದಾಗ ಹಿತ್ತಿಲ ಬಾಗಿಲಿನಿಂದ ಪರಾರಿಯಾಗುತ್ತಾರೆ. ಸೆಂಪೆಬ್ವ ಮದುವೆಯಾದ ನಾಲ್ಕು ವರ್ಷದಲ್ಲಿ ಅತ್ತೆಯ ಮುಖ ನೋಡಿದ್ದು ಒಂದೇ ಸಲ, ಅದೂ ದೂರದಿಂದ. ನಬುಕೇರಳ ಲೆಕ್ಕಾಚಾರ ಬೇರೆ ಇತ್ತು. ಶೆಡ್ಡಿನೊಳಗೆ ಕಗ್ಗತ್ತಲೆ, ಅಳಿಯ ಎಲ್ಲೋ ಒಂದು ಗೂಡಿನಲ್ಲಿ ಕೂತು ಮಾತಾಡುತ್ತಾನೆ, ಅವನು ನನಗೆ ಕಾಣ, ನಾನು ಅವನಿಗೆ ಕಾಣೆ ಎಂದುಕೊಂಡಿದ್ದಳು. ಅವಳು ಹುಟ್ಟಿದ ಮೇಲೆ ವೀಡಿಯೋ ಶೆಡ್ಡಿನೊಳಗೆ ಕಾಲಿಟ್ಟವಳಲ್ಲ.

ಎರಡು ಗಂಟೆಗೆ ಆಟ ಶುರುವಾಯಿತು. ಗಂಡ ಹೆಂಡತಿ ಎಳೆ ಮಗುವಿನೊಡನೆ ಹಳೇ ಮನೆಯೊಂದಕ್ಕೆ ಬರುತ್ತಾರೆ. ಅಟ್ಟದ ಮೇಲೆ ಸತ್ತುಹೋದ ಹೆಂಗಸೊಬ್ಬಳಿದ್ದಾಳೆ. ಸೆಂಪೆಬ್ವ ಗಂಟಲನ್ನು ಹೊಟ್ಟೆಯವರೆಗೆ ಇಳಿಸಿ, "ಈ ಮನೇಲಿ... ಸಾವು ಇದೆ..." ಎಂದ. ಹಿಂದಿನಿಂದ ಯಾರೋ "ಬಾಡಿಗೆ ಎಷ್ಟಂತೆ?" ಎಂದರು. ಶೆಡ್ಡು ಗೊಳ್ಳೆಂದಿತು.

ಅಷ್ಟರಲ್ಲಿ ಮುಂದಿನ ಸಾಲುಗಳಿಂದ ಹನ್ನೆರಡು ಕಂಠಗಳು ಒಟ್ಟಿಗೆ, ಶ್ರುತಿ ಸೇರಿಸಿ, ಕಿರುಚಿದವು. ಪರದೆಯ ಮೇಲೆ ನಾಯಕ ಚಹಾ ಕುಡಿಯುತ್ತಿದ್ದ. ಜನ ಬೆರಗಾದರು. ನಾಯಕ ಚಪ್ಪಲಿ ಬಿಟ್ಟ. ಮತ್ತೊಮ್ಮೆ ಕಿರುಚಾಟ, ಈ ಸಲ ಎರಡು ದನಿಯಲ್ಲಿ. ಮಗು ಆಕಳಿಸಿತು, ಹೆಂಗಸರು ಹೌಹಾರಿದರು. ಜನ ನಕ್ಕೂ ನಕ್ಕೂ ಬೆಂಚಿನಿಂದ ಜಾರಿದರು. ಬಾಗಿಲಲ್ಲಿ ನಿಂತ ಸಾಲೊಂಗೊ ಕುತ್ತಿಗೆ ಕೊಯ್ಯುವ ಸನ್ನೆ ಮಾಡಿದ.

ಯಾವಳಪ್ಪಾ ಇವಳು ನನ್ನ ಅನ್ನಕ್ಕೆ ಕಲ್ಲು ಹಾಕುವವಳು ಎಂದು ಸೆಂಪೆಬ್ವ ತಿರುಗಿ ನೋಡಿದ. ಪರದೆಯ ಮೇಲೆ ಮಿಂಚು ಹೊಡೆದು ಬೆಂಚುಗಳೆಲ್ಲ ಬೆಳ್ಳಗಾದವು. ಎರಡನೇ ಬೆಂಚಿನ ತುದಿಯಲ್ಲಿ, ಅವನಿಂದ ಒಂದು ಮಾರು ದೂರದಲ್ಲಿ, ಅವನ ಅತ್ತೆ ಇನ್ನೊಂದು ಸಲ ಕಿರುಚಲು ಉಸಿರು ತುಂಬಿಕೊಳ್ಳುತ್ತಿದ್ದಳು.

ಮೈಕು ಕೈಯಲ್ಲಿ ಕುಣಿಯಿತು. ಹೊರಗೆ ಹೋಗುವ ಒಂದೇ ಬಾಗಿಲಿಗೆ ಅವಳ ಮೊಣಕಾಲು ದಾಟಿಕೊಂಡೇ ಹೋಗಬೇಕು.

"ಅಯ್ಯೋ ದೇವರೇ... ಬಂದುಬಿಟ್ಟಿದಾಳೆ," ಎಂದ. ಮೈಕು ಚಾಲೂ ಇರುವುದು ಅವನಿಗೆ ಮರೆತೇಹೋಗಿತ್ತು. "ಇಲ್ಲೇ... ಇಲ್ಲೇ ಕೂತಿದಾಳೆ."

ನಗು ಅರ್ಧಕ್ಕೆ ನಿಂತಿತು. ಆ ದನಿ ನಟನೆಯದಲ್ಲ ಎಂದು ಮುನ್ನೂರು ಜನಕ್ಕೂ ಒಮ್ಮೆಗೇ ಗೊತ್ತಾಯಿತು.

"ಎದ್ದರೆ ನಾನು ಸತ್ತೆ. ತಾಗಿದ್ರೆ ಮುಗೀತು. ಎರಡನೇ ಬೆಂಚು... ಯಾರೂ ತಿರುಗಿ ನೋಡ್ಬೇಡ್ರಪ್ಪಾ..."

ಎರಡನೇ ಬೆಂಚಿನಲ್ಲಿ ದೆವ್ವ ಕೂತಿದೆ ಎಂದು ತನ್ನ ಸ್ವಂತ ಅಳಿಯನೇ ಹೇಳುತ್ತಿರುವಾಗ ನಬುಕೇರ ನಂಬದೆ ಇರುವುದು ಹೇಗೆ? ಅವಳು ಕೂತಿದ್ದೇ ಆ ಬೆಂಚಿನ ಮೇಲೆ. ಈ ಸಲ ಅವಳ ಕಿರುಚಾಟಕ್ಕೆ ಶ್ರುತಿ ಇರಲಿಲ್ಲ. ಚಂಗನೆ ನೆಗೆದು, ಕತ್ತಲೆಯಲ್ಲಿ ಕೈಗೆ ಸಿಕ್ಕವನನ್ನು ಎರಡೂ ತೋಳಿನಲ್ಲಿ ತಬ್ಬಿಕೊಂಡಳು. ಸಿಕ್ಕವನು ಸೆಂಪೆಬ್ವ. ಅವನ ಬಾಯಿಂದ ಹೊರಟ ಕೂಗಿಗೆ ಶೆಡ್ಡಿನ ಹಿಂದಿನ ತಗಡನ್ನೇ ಒದ್ದುಕೊಂಡು ಜನ ಓಡಿದರು.

ಬಿಸಿಲಿಗೆ ಬಂದ ಮೇಲೆ ಯಾರು ಯಾರನ್ನು ತಬ್ಬಿದರೆಂಬುದು ಬಯಲಾಯಿತು. ಮೇಳದ ಹೆಂಗಸರು ತಲೆಯ ಮೇಲೆ ಕೈ ಹೊತ್ತು ಕೂತರು. ನಬುಕೇರ ಹಲಸಿನ ಮರದ ಆ ಕಡೆ, ಸೆಂಪೆಬ್ವ ಈ ಕಡೆ, ಸುದ್ದಿ ಕೇಳಿ ಓಡಿಬಂದ ನಕಿಯಿಂಗಿ ನಡುವೆ. ಮುದುಕನೊಬ್ಬ ಸೆಂಪೆಬ್ವನ ಕೈ ಮುಂದೆ ಮಾಡಿಸಿ ನೋಡಿದ. ಕೈ ಗಡಗಡ ನಡುಗುತ್ತಿತ್ತು.

"ನೋಡ್ರೋ, ಹತ್ತೇಬಿಡ್ತು!"

ಸಾಲೊಂಗೊ ಮುದುಕನನ್ನು ಪಕ್ಕಕ್ಕೆ ತಳ್ಳಿ ಬಂದ. ಅವನ ಮುಖ ಅರಳಿತ್ತು. "ಕೈ ಹಾಳಾಗ್ಲಿ ಬಿಡು. ಅಲ್ನೋಡು ಸಾಲು, ರಸ್ತೆವರೆಗೂ ನಿಂತಿದಾರೆ! ಐದು ಗಂಟೆಗೆ ಇದನ್ನೇ ಮಾಡು ಮಹಾರಾಯ, ಮೈಕು ನಿನ್ನದೇ. ಅಮ್ಮಾವ್ರೂ ಅದೇ ಬೆಂಚಲ್ಲಿ ಕೂರ್ಲಿ."

"ಆಗಲ್ಲ," ಎಂದ ಸೆಂಪೆಬ್ವ. "ಅದು ಆಟ ಅಲ್ಲ ಸಾಲೊಂಗೊ. ನಾನು ನಿಜವಾಗ್ಲೂ ಹೆದರಿದ್ದು."

"ಹಂಗಾದ್ರೆ ಲುಬೆಗಾನ್ನ ಕರೆಸ್ತೀನಿ. ಐದು ಗಂಟೆವರೆಗೂ ನಿನಗೆ ಟೈಮು," ಎಂದು ಯಜಮಾನ ಟಿಕೆಟ್ ಕೊಡಲು ಓಡಿದ.

ಮರದ ಆಚೆಯಿಂದ ನಬುಕೇರ ಬೆನ್ನು ತಿರುಗಿಸಿಕೊಂಡೇ ಬಾಯಿ ತೆರೆದಳು. "ಮಗಳೇ, ನಿನ್ನ ಗಂಡಂಗೆ ಹೇಳು. ನಾನು ಹಿಡ್ಕೊಳ್ಳೋ ಮುಂಚೇನೇ ಅವನು ನಡುಗ್ತಿದ್ದ. ಯಾವ ರೋಗಾನೂ ನನ್ನಿಂದ ಬಂದಿದ್ದಲ್ಲ."

"ಕೇಳಿಸ್ತು ಅಂತ ಹೇಳೇ," ಎಂದ ಅವನು.

"ನಾನೇನು ಕಮ್ಮಿ ಹೆದರಿದೀನಾ? ನಾಲ್ಕು ವರ್ಷದಿಂದ ಹೆದರ್ತಾನೇ ಇದೀನಿ. ಮೊಮ್ಮಗಳನ್ನ ನೋಡೋಕ್ ಬಂದಾಗ ಬಾಳೆಕಾಯಿ ಮಟೋಕೆ ತಟ್ಟೆ ಹಿಡ್ಕೊಂಡು ಬಾಳೆಗಿಡದ ಮರೇಲಿ ನಿಂತೇ ತಿಂದಿದೀನಿ. ಅವನ ಬೈಕಿನ ಸದ್ದು ಕೇಳಿದ್ರೆ ಸಾಕು, ಕೂಸನ್ನ ಚಾಪೆ ಮೇಲೆ ಮಲಗಿಸಿ ಓಡಿದೀನಿ. ಒಂದು ಸಲಾನೂ ಅದು ನನ್ನ ತೊಡೆ ಮೇಲೆ ನಿದ್ದೆ ಮಾಡಿಲ್ಲ."

ಹೆದರುವವನು ತಾನೊಬ್ಬನೇ, ಆಕೆ ಹೆದರಿಸಲೆಂದೇ ಹುಟ್ಟಿದವಳು ಎಂದು ಸೆಂಪೆಬ್ವ ಇಷ್ಟು ವರ್ಷ ತಿಳಿದಿದ್ದ. ತನ್ನ ಬೈಕಿನ ಸದ್ದಿಗೆ ಒಬ್ಬ ಹೆಣ್ಣುಮಗಳು ಕೂಸನ್ನು ಬಿಟ್ಟು ಓಡುತ್ತಿದ್ದಳು ಎಂದು ಕೇಳಿ ಅವನಿಗೆ ನಾಚಿಕೆಯಾಯಿತು, ಅಳುವೂ ಬಂತು.

ಐದು ಗಂಟೆಗೆ ಶೆಡ್ಡು ಕಿಕ್ಕಿರಿದಿತ್ತು. ಎರಡನೇ ಬೆಂಚನ್ನು ಮಾತ್ರ ಖಾಲಿ ಬಿಟ್ಟು ಜನ ಒಬ್ಬರ ಮೇಲೊಬ್ಬರು ಕೂತಿದ್ದರು. ನಬುಕೇರ ಒಳಗೆ ಬರಲಿಲ್ಲ. ರಸ್ತೆಯ ಬದಿ ತನ್ನವರೊಡನೆ ವ್ಯಾನು ಕಾಯುತ್ತ ಕೂತಳು. ಶೆಡ್ಡಿನ ಹೊರಗಿನ ಧ್ವನಿವರ್ಧಕ ಅಲ್ಲಿಗೂ ಕೇಳುತ್ತಿತ್ತು.

ಸೆಂಪೆಬ್ವ ಗಂಟಲು ಇಳಿಸಲಿಲ್ಲ. ಪಕ್ಕದ ಮನೆಯ ಸುದ್ದಿ ಹೇಳುವವನ ಹಾಗೆ ಶುರುಮಾಡಿದ. "ಅಟ್ಟದ ಮೇಲೆ ಒಬ್ಬಳಿದಾಳೆ. ಈ ಮನೆ ಅವಳದೇ. ಇವರು ಬಂದಾಗಿಂದ ಅವಳಿಗೆ ಎದೆ ಡವಡವ. ಎಲ್ಲರೂ ಮಲಗಿದ ಮೇಲೆ ಮೆಲ್ಲಗೆ ಇಳಿದು ಬರ್ತಾಳೆ, ಕೂಸಿನ ಪಾದ ಒಂದ್ಸಲ ಮುಟ್ಟಿ ನೋಡ್ತಾಳೆ, ಹೆಜ್ಜೆ ಸದ್ದು ಕೇಳಿದ ತಕ್ಷಣ ಓಡ್ತಾಳೆ. ನೋಡಿ, ಬಂದಳು. ಸದ್ದು ಮಾಡ್ಬೇಡಿ. ಮುಟ್ಕೊಳ್ಳಲಿ ಪಾಪ."

ಮುನ್ನೂರು ಜನ ಉಸಿರು ಬಿಗಿಹಿಡಿದರು. ಪರದೆಯ ಮೇಲೆ ನಾಯಕ ಕೊಡಲಿ ಹಿಡಿದು ಅಟ್ಟದ ಮೆಟ್ಟಿಲ ಬುಡಕ್ಕೆ ಬಂದ.

"ಅವನ ಹೆಜ್ಜೆ ಕೇಳಿಸ್ತಿದೆ ಅವಳಿಗೆ," ಎಂದ ಸೆಂಪೆಬ್ವ. "ಎಲ್ಲಿಗೆ ಹೋಗ್ತಾಳೆ? ಅವಳಿಗಿರೋದು ಅದೊಂದೇ ಕೋಣೆ."

ಒಂದು ಮೆಟ್ಟಿಲು. ಎರಡು ಮೆಟ್ಟಿಲು. ಹಿಂದಿನಿಂದ ಒಬ್ಬ ಗಂಡಸು "ಬೇಡ ಕಣೋ!" ಎಂದು ಕೂಗಿದ. ಆಮೇಲೆ ಕಟ್ಟೆ ಒಡೆಯಿತು. "ಓಡಮ್ಮಾ, ಓಡು!" ಎಂದು ಶೆಡ್ಡಿಗೆ ಶೆಡ್ಡೇ ಎದ್ದು ನಿಂತು ಕಿರುಚಿತು.

ಸಾಲೊಂಗೊ ಬಾಗಿಲಿನಿಂದ ನುಗ್ಗಿ ಬಂದು ಅವನ ಕಿವಿಯಲ್ಲಿ ಅರಚಿದ, "ಏನಯ್ಯಾ ಇದು? ದೆವ್ವ ನೋಡಿ ಹೆದರ್ಲಿ ಅಂದ್ರೆ ದೆವ್ವಕ್ಕೇನಾಗುತ್ತೋ ಅಂತ ಹೆದರ್ತಿದಾರಲ್ಲೋ!"

"ಕಿರುಚ್ಬೇಕು ಅಂದ್ರಿ, ಕಿರುಚ್ತಿದಾರೆ. ನಾಳೆ ಲುಬೆಗಾ ಬರೋದು ಬೇಡ ಅಂತ ಹೇಳಿ," ಎಂದು ಸೆಂಪೆಬ್ವ ಮೈಕನ್ನು ಎದೆಗೆ ಒತ್ತಿಕೊಂಡ. ಕೈ ನೆಟ್ಟಗೆ ನಿಂತಿತ್ತು.

ಹೊರಗೆ ವ್ಯಾನು ಬಂದು ನಿಂತು ಹಾರನ್ ಹೊಡೆಯುತ್ತಿತ್ತು. ಪರದೆಯೇ ಕಾಣದಿದ್ದರೂ ನಬುಕೇರ ಧ್ವನಿವರ್ಧಕದ ಕೆಳಗೆ ನಿಂತು, ಎರಡೂ ಕೈ ಎತ್ತಿ, ಒಳಗಿನವರೆಲ್ಲರಿಗಿಂತ ಜೋರಾಗಿ ಕೂಗುತ್ತಿದ್ದಳು: "ಅಲ್ಲೇ ಕೂತ್ಕೊಳ್ಳೇ ತಾಯಿ, ಓಡ್ಬೇಡ! ಅವನೂ ಹೆದರಿದಾನೆ!"