ಶ್ಯಾಮಸುಂದರ ಸ್ಪೀಕಿಂಗು

"ಯೆಸ್. ಶ್ಯಾಮಸುಂದರ ಸ್ಪೀಕಿಂಗು," ಎಂದಿತು ಫೋನಿನೊಳಗಿನ ಗಡಸು ದನಿ. ಅದರ ಬೆನ್ನಿಗೇ ಒಂದು ಕುಕ್ಕರ್ ಉದ್ದಕ್ಕೆ ಕೂಗಿತು.

ಚಿನ್ಮಯ್ ಕುರ್ಚಿಯಲ್ಲಿ ನೆಟ್ಟಗಾದ. ಹೀರೋ ಎಂಟ್ರಿಗೆ ಹೊಗೆ ಬಿಡುವುದನ್ನು ನೋಡಿದ್ದ, ಕಾರ್ಖಾನೆ ಮಾಲೀಕರ ಎಂಟ್ರಿಗೆ ಕುಕ್ಕರ್ ಕೂಗಿದ್ದು ಇದೇ ಮೊದಲು.

"ನಮಸ್ಕಾರ ಸಾರ್. ಪೀಣ್ಯ ಸೆಕೆಂಡ್ ಸ್ಟೇಜಿಂದ ಮಾತಾಡ್ತಿದೀನಿ, ರಬ್ಬರ್ ಕಂಪನಿ ಎಚ್‌ಆರ್. ಭುವನೇಶ್ವರಿ ಅಂತ, ನಿಮ್ ಹತ್ರ ಚೆಕ್ಕಿಂಗ್ ಕೆಲಸದಲ್ಲಿದ್ರಂತೆ. ನಮ್ಮಲ್ಲಿ ಇಂಟರ್‌ವ್ಯೂಗೆ ಬಂದಿದಾರೆ. ಎರಡ್ ಮಾತು ಕೇಳ್ಬೇಕಿತ್ತು. ಫ್ಯಾಕ್ಟರಿಲಿ ಇದೀರಾ?"

"ಫ್ಯಾಕ್ಟ್ರಿಲೇ ಇವ್ನಿ ಕಣ್ರೀ. ಮಿಷಿನ್ನು ಓಡ್ತಾ ಅದೆ, ಕೇಳಿಸ್ನಿಲ್ವಾ?"

"ಬಾಯ್ಲರ್ರಾ ಸಾರ್?"

"ಊಂ. ಬಾಯ್ಲರ್ರು. ಮೂರ್ ಸಲ ಕೂಗುದ್ರೆ ಆಫ್ ಮಾಡ್ಬೇಕು. ಇಲ್ದಿದ್ರೆ ತಳ ಇಡೀತದೆ."

ಚಿನ್ಮಯ್ ನಗು ತಡೆಯಲಾರದೆ ಫೋನಿನ ಮೇಲೆ ಅಂಗೈ ಮುಚ್ಚಿದ. ಈ ಕಸುಬು ಅವನಿಗೆ ಹೊಸದಲ್ಲ. ಬಾಗಲಗುಂಟೆಯ ಅವನ ರೂಮಿನಲ್ಲಿ ಯಾರಿಗೆ ಕೆಲಸ ಸಿಗುವ ಹಾಗಾದರೂ, ಹಳೇ ಕಂಪನಿಯ ಮ್ಯಾನೇಜರಾಗಿ ಫೋನಿನಲ್ಲಿ ಗರ್ಜಿಸುತ್ತಿದ್ದವನು ಅವನೇ. ಒಬ್ಬನಿಗೆ ಕೆಮ್ಮುವ ಮ್ಯಾನೇಜರು, ಇನ್ನೊಬ್ಬನಿಗೆ ಮಂಗಳೂರು ಕನ್ನಡದ ಡೈರೆಕ್ಟರು. "ಮಗಾ, ನಿನ್ ವಾಯ್ಸಿಗೆ ಕಟೌಟ್ ಹಾಕ್ಬೇಕು ಕಣೋ" ಎಂದು ಗೆಳೆಯ ಅನುರಾಗ್ ಹೇಳುತ್ತಿದ್ದ. ಆಮೇಲೆ ಚಿನ್ಮಯನಿಗೇ ಎಚ್‌ಆರ್ ಕೆಲಸ ಸಿಕ್ಕಿ, ಫೋನಿನ ಆ ತುದಿಯಲ್ಲಿದ್ದವನು ಈ ತುದಿಗೆ ಬಂದು ಕೂತ.

ಕೂತವನು ಎಡವಿದ್ದೂ ಅಲ್ಲೇ. ಎರಡು ತಿಂಗಳ ಹಿಂದೆ ರಬ್ಬರ್ ಅಚ್ಚೊತ್ತುವ ಪ್ರೆಸ್ಸಿನ ಆಪರೇಟರ್ ಒಬ್ಬನ ಬಗ್ಗೆ ವಿಚಾರಿಸಲು ಫೋನ್ ಮಾಡಿದಾಗ ಆಚೆಯವನ ಡೈಲಾಗ್ ಡೆಲಿವರಿ ಎಷ್ಟು ಖುಷಿ ಕೊಟ್ಟಿತೆಂದರೆ, ಚಿನ್ಮಯ್ ಬೇರೇನೂ ಕೇಳದೆ ಓಕೆ ಮಾಡಿದ. ಆ ಹುಡುಗ ಅದುವರೆಗೆ ಪ್ರೆಸ್ಸನ್ನು ಮುಟ್ಟಿಯೇ ಇರಲಿಲ್ಲ. ಸೇರಿದ ವಾರದಲ್ಲೇ ಅವನ ಎರಡು ಬೆರಳು ಜಜ್ಜಿಹೋದವು. ಅಂದಿನಿಂದ ಎಚ್‌ಆರ್ ಮ್ಯಾನೇಜರ್ ಸೀತಾಲಕ್ಷ್ಮಿ ಮೇಡಂ ಇಂಥ ಕಾಲ್‌ಗಳನ್ನೆಲ್ಲ ಸ್ಪೀಕರಿಗೆ ಹಾಕಿಸುತ್ತಿದ್ದರು. ಅವರ ಅಪ್ಪ ಸರ್ಕಾರಿ ಕಾರ್ಖಾನೆಯ ಸೈರನ್ನಿಗೆ ಎದ್ದು, ಸೈರನ್ನಿಗೆ ಉಂಡು ಬದುಕಿದವರು. ಮಗಳಿಗೂ ರೂಲ್ ಅಂದರೆ ರೂಲೇ. "ಇನ್ನೊಂದು ಸುಳ್ಳು ರೆಫರೆನ್ಸ್ ನಿನ್ನ ಕೈಯಿಂದ ಪಾಸಾದ್ರೆ, ಗೇಟ್ ನಿಂಗೂ ತೆಗ್ದಿರತ್ತೆ" ಎಂದಿದ್ದರು.

ಹಾಗಾಗಿ ಈವತ್ತು ಕೈಗೆ ಸಿಕ್ಕ ಸುಳ್ಳನ್ನು ಇಂಟರ್ವಲ್‌ಗೆ ಮೊದಲೇ ಬಿಟ್ಟುಬಿಡುವ ಮನಸ್ಸು ಅವನಿಗಿರಲಿಲ್ಲ. ಮೇಡಂ ಶಾಪ್ ಫ್ಲೋರಿಗೆ ಹೋಗಿದ್ದರು. ಅವರು ಬರುವಷ್ಟರಲ್ಲಿ ಕ್ಲೈಮ್ಯಾಕ್ಸ್ ರೆಡಿ ಇರಬೇಕು. ಅವನು ಎದ್ದು ಬಾಗಿಲು ತೆರೆದ.

"ಒಳಗ್ ಬನ್ನಿ ಮೇಡಂ, ಕೂತ್ಕೊಳ್ಳಿ. ನಿಮ್ ಓನರ್ ಲೈನಲ್ಲಿದಾರೆ. ನೀವೂ ಕೇಳಿ."

ಕಾರಿಡಾರಿನ ಬೆಂಚಿನಿಂದ ಭುವನೇಶ್ವರಿ ಎದ್ದು ಬಂದಳು. ನಲವತ್ತರ ಆಸುಪಾಸು. ಬೆಳಿಗ್ಗೆ ಇಂಟರ್‌ವ್ಯೂನಲ್ಲಿ ಮನೆಯಲ್ಲಿ ಯಾರ್ಯಾರು ಎಂದು ಕೇಳಿದಾಗ "ನಾನು, ನಮ್ಮತ್ತೆ. ಇಬ್ರೇ ಸಾರ್" ಎಂದಷ್ಟೇ ಹೇಳಿದ್ದಳು. ಕುರ್ಚಿಯ ತುದಿಗೆ ಕೂತು, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಮೇಜಿನ ಮೇಲಿನ ಫೋನನ್ನು ನೋಡಿದಳು. ಅವಳ ಮುಖದಲ್ಲಿದ್ದ ಬಣ್ಣ ಮೆಲ್ಲಗೆ ಇಳಿಯಿತು.

"ಹಲೋ ಸಾರ್. ಭುವನೇಶ್ವರಿಯವರು ಟೈಮಿಗೆ ಸರಿಯಾಗಿ ಬರ್ತಿದ್ರಾ?"

"ಬರಾದೇನು, ನಾವ್ ಏಳಾಕ್ ಮುಂಚೆ ಎದ್ದು, ನೀರ್ ತುಂಬಿ, ಮುದ್ದೆಗೆ ಎಸರಿಟ್ಟು..." ದನಿ ಗಕ್ಕನೆ ನಿಂತಿತು. "ಅಂದ್ರೆ, ನಮ್ ಕ್ಯಾಂಟೀನ್ ಮುದ್ದೆ."

"ಸೂಪರ್ ಸಾರ್. ಕೆಲಸ ಹೇಗೆ?"

"ಬಲು ಕಟ್ಟುನಿಟ್ಟು. ನಾನ್ ಟ್ರಿಮ್ ಮಾಡಿದ್ರಲ್ಲೇ ಅರ್ಧಕ್ಕರ್ಧ ವಾಪಸ್ ನನ್ ಮಡ್ಲಿಗೇ ಸುರೀತಿದ್ಲು!"

"ಓನರ್ರೇ ಕೂತು ಟ್ರಿಮ್ ಮಾಡ್ತೀರಾ ಸಾರ್? ಎಂಥಾ ದೊಡ್ಡ ಮನಸ್ಸು ಗುರುವೇ ನಿಮ್ದು!"

ಆಚೆಯಿಂದ ಒಂದು ಕೆಮ್ಮು ಬಂತು. ಕೆಮ್ಮಿನ ಹಿಂದೆ ಕುಕ್ಕರ್ ಎರಡನೇ ಸಲ ಕೂಗಿತು.

ಅಚ್ಚಿನಿಂದ ಬಿಸಿಬಿಸಿಯಾಗಿ ಬೀಳುವ ರಬ್ಬರ್ ರಿಂಗುಗಳ ಅಂಚಿಗೆ ತೆಳ್ಳನೆಯ ರಬ್ಬರ್ ಪೊರೆ ಅಂಟಿಕೊಂಡಿರುತ್ತದೆ. ಅದನ್ನು ಬ್ಲೇಡಿನಿಂದ ಹೆರೆಯುವ ಕೆಲಸವನ್ನು ಸಣ್ಣ ಕಾರ್ಖಾನೆಯವರು ಗೋಣಿಚೀಲಗಟ್ಟಲೆ ಮನೆಗಳಿಗೆ ಕೊಡುತ್ತಾರೆ. ಬಾಗಲಗುಂಟೆಯ ಗಲ್ಲಿಗಳಲ್ಲಿ ಹೊಸಿಲ ಮೇಲೆ ಕೂತ ಮುದುಕಿಯರ ಕೈಯಲ್ಲಿ ಹೂವಿನ ಬದಲು ರಿಂಗುಗಳಿರುವುದನ್ನು ಚಿನ್ಮಯ್ ದಿನಾ ನೋಡುತ್ತಿದ್ದ. ಆದರೆ ಆಟದ ಹುರುಪಿನಲ್ಲಿ ಅದೆಲ್ಲ ಎಲ್ಲಿ ನೆನಪಾಗಬೇಕು?

"ಕೊನೇದಾಗಿ, ಇವರ ವೀಕ್ನೆಸ್ ಏನು ಸಾರ್?"

"ಅಂದ್ರೆ?"

"ಇವರಲ್ಲಿ ಏನ್ ಕೊರತೆ ಅಂತ."

"ಕೊರತೆನಾ? ಬಾಯಿಲ್ಲ ಅವ್ಳ್ಗೆ." ದನಿ ಒಮ್ಮೆಲೇ ಏರಿತು. "ಆ ಮನೆಹಾಳ ಓನರ್ರು ರಾತ್ರೋರಾತ್ರಿ ಬೀಗ ಜಡಿದು ಓಡೋದ್ನಲ್ಲ, ಎಲ್ರೂ ಗೇಟ್ ಮುಂದೆ ನಿಂತು ಬಾಯ್ ಬಾಯ್ ಬಡ್ಕೊಂಡ್ರು. ಇವ್ಳು ಒಂದ್ ಮಾತೂ ಆಡ್ನಿಲ್ಲ. ಟಿಫನ್ ಡಬ್ಬಿ ಇಡ್ಕೊಂಡು ಅಂಗೇ ವಾಪಸ್ ಬಂದ್ಲು."

"ಸಾರ್," ಎಂದ ಚಿನ್ಮಯ್ ಬಹಳ ವಿನಯದಿಂದ, "ಓನರ್ರು ನೀವೇ ಅಲ್ವಾ?"

ಫೋನಿನ ಆಚೆ, ಎಲ್ಲೋ ದೂರದಲ್ಲಿ ಸೊಪ್ಪು ಮಾರುವವನ ಕೂಗು ಕೇಳಿತು.

"ಊಂ," ಎಂದಿತು ದನಿ ಕೊನೆಗೆ. "ನಾನೇ ಆ ಮನೆಹಾಳ."

ಚಿನ್ಮಯ್ ಮೇಜು ಕುಟ್ಟಿ ನಕ್ಕ. ನಕ್ಕು ತಲೆಯೆತ್ತಿದರೆ ಬಾಗಿಲಲ್ಲಿ ಸೀತಾಲಕ್ಷ್ಮಿ ಮೇಡಂ ಯಾವಾಗಲೋ ಬಂದು ನಿಂತಿದ್ದರು. ಅವರು ನಗುತ್ತಿರಲಿಲ್ಲ. ಎದುರಿನ ಕುರ್ಚಿಯವಳೂ ನಗುತ್ತಿರಲಿಲ್ಲ. ಬ್ಯಾಗಿನ ಜಿಪ್ಪನ್ನು ಗಟ್ಟಿಯಾಗಿ ಹಿಡಿದಿದ್ದ ಅವಳ ಬೆರಳುಗಳು ಬೆಳ್ಳಗಾಗಿದ್ದವು. ಹೌಸ್‌ಫುಲ್ ಥಿಯೇಟರಿನಲ್ಲಿ ತಾನೊಬ್ಬನೇ ಶಿಳ್ಳೆ ಹೊಡೆದ ಹಾಗಾಯಿತು ಅವನಿಗೆ.

"ಸಾಕು ಸಾರ್," ಎಂದಳು ಭುವನೇಶ್ವರಿ. "ಅದು ನಮ್ಮತ್ತೆ. ರುದ್ರಮ್ಮ ಅಂತ. ದನಿನೇ ಹಂಗೆ. ಗ್ಯಾಸ್‌ನೋರು, ಬ್ಯಾಂಕ್‌ನೋರು ಎಲ್ಲಾ ಸಾರ್ ಅಂತಲೇ ಕರೀತಾರೆ. ನಂಬರ್ ಕೊಟ್ಟಿದ್ದು ನಾನು. ಅವರ ತಪ್ಪಿಲ್ಲ."

ಮೇಡಂ ಒಳಗೆ ಬಂದು ಬಾಗಿಲು ಹಾಕಿದರು. "ಸುಳ್ಳು ಹೇಳಿಸಿ ಕೆಲಸ ಕೇಳಿದ್ರಿ."

"ಹೌದು ಮೇಡಂ."

"ಯಾಕೆ?"

"ಓನರ್ ಫೋನ್ ಸ್ವಿಚ್ ಆಫ್. ಬೋರ್ಡೂ ಕಿತ್ಕೊಂಡು ಹೋಗಿದಾರೆ. ಸೂಪರ್‌ವೈಸರ್ ಯಾವೂರಿಗೆ ಹೋದ್ರೋ. ಹೋದ ಕಡೆಯೆಲ್ಲಾ ಹಳೇ ಕಂಪನಿ ನಂಬರ್ ಕೊಡಿ ಅಂತಾರೆ. ಯಾರ್ದು ಕೊಡ್ಲಿ ಮೇಡಂ? ನಂಬರ್ ಇಲ್ಲ ಅಂದ್ರೆ ಗೇಟಿಂದ್ಲೇ ಕಳಿಸ್ತಾರೆ. ಇದು ಐದ್ನೇ ಕಂಪನಿ."

ಹೇಳಿ ಮುಗಿಸಿ, ಇನ್ನು ಹೊರಡುವುದೇ ಎಂಬಂತೆ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡಳು.

ಮೇಡಂ ಅವಳನ್ನೊಮ್ಮೆ, ಫೋನನ್ನೊಮ್ಮೆ ನೋಡಿದರು. ಆಮೇಲೆ ಮೇಜಿನತ್ತ ಬಗ್ಗಿ, "ನಮಸ್ಕಾರ ರುದ್ರಮ್ಮನೋರೇ. ನಾನು ಸೀತಾಲಕ್ಷ್ಮಿ, ಇಲ್ಲಿ ಮ್ಯಾನೇಜರ್," ಎಂದರು.

ಫೋನಿನಲ್ಲಿ ಉಸಿರು ಕೇಳಿತು. ಗಂಡುದನಿ ಹಾಗೇ ಉಳಿಯಿತು, ಅದರೊಳಗಿನ ಠೀವಿ ಮಾತ್ರ ಹೊರಟುಹೋಯಿತು. "ಸಿಕ್ಕಾಕಂಡ್ನಾ?"

"ಕುಕ್ಕರ್ ಕೂಗ್ದಾಗ್ಲೇ ಸಿಕ್ಕಾಕೊಂಡ್ರಿ."

"ಅವ್ಳ್ಗೇನೂ ಅನ್ಬೇಡಿ ತಾಯಿ. ನಂಗೇ ಬೋದ್ಬುಡಿ."

"ಬೈಯೋಕಲ್ಲ. ಮನೇಲಿ ರಿಂಗು ಟ್ರಿಮ್ ಮಾಡ್ತಿದ್ದಿದ್ದು ನಿಜಾನಾ?"

"ಅದು ನಿಜ. ಅವ್ಳ ಕಂಪ್ನಿದೇ ಚೀಲ ಬರಾದು. ಪಕ್ಕದ್ಮನೆ ನಾಗಲಕ್ಷ್ಮಮ್ಮಂಗೂ ಬರಾದು. ಎಲ್ರುದೂ ಇವ್ಳೇ ನೋಡಾದು. ನಾಗಲಕ್ಷ್ಮಮ್ಮಂಗೆ ಮುಖ ನೋಡಿ ಪಾಸ್ ಮಾಡ್ನಿಲ್ಲ. ಅತ್ತೆ ಅಂತ ನಂಗೂ ಮಾಡ್ನಿಲ್ಲ. ವಾರಗಟ್ಲೆ ಮಾತು ಬಿಟ್ಟೆ ನಾನು. ಆಗ್ಲೂ ಜಗ್ನಿಲ್ಲ ನನ್ಮಗಳು. ಪಕ್ದಲ್ಲೇ ಕೂತು ಕೈ ಇಡ್ದು ತೋರ್ಸೋಳು, ಇಂಗೆ ಇಡೀಬೇಕು ಬ್ಲೇಡು ಅಂತ."

ಮೇಡಂ ಚಿನ್ಮಯನ ಮುಂದಿದ್ದ ರೆಫರೆನ್ಸ್ ಫಾರಂ ಎಳೆದುಕೊಂಡು ನೋಡಿದರು.

"ಒಂದೇ ಪ್ರಶ್ನೆ ಉಳ್ದಿದೆ," ಎಂದರು ಆಮೇಲೆ. "ಎಲ್ಲಾ ಕಂಪನಿಗೂ ಕೇಳ್ತೀವಿ, ನಿಮಗೂ ಕೇಳ್ತೀನಿ. ಅವಕಾಶ ಸಿಕ್ಕಿದ್ರೆ ಇವರನ್ನ ಮತ್ತೆ ಕೆಲಸಕ್ಕೆ ತಗೋತೀರಾ?"

"ನಾನೇನ್ ತಗಳಾದು ತಾಯಿ," ಎಂದಳು ರುದ್ರಮ್ಮ. "ನನ್ ಮಗ ಇವ್ಳ್ನ ಬುಟ್ಟೋದ. ಅವ್ನ್ ಓದ್ಮೇಲೆ ಇವ್ಳೂ ತೌರಿಗೆ ಓಗ್ಬೋದಾಗಿತ್ತು. ಓಗ್ನಿಲ್ಲ. ನಾನ್ ಇಟ್ಕೊಂಡಿಲ್ಲ ಅವ್ಳ್ನ. ಅವ್ಳು ನನ್ನ ಇಟ್ಕೊಂಡವ್ಳೆ."

ಭುವನೇಶ್ವರಿ ಕಿಟಕಿಯತ್ತ ಮುಖ ತಿರುಗಿಸಿದಳು. ಈ ಮಾತು ಮನೆಯಲ್ಲಿ ಎಂದೂ ಅವಳ ಕಿವಿಗೆ ಬಿದ್ದಿರಲಿಲ್ಲವೆಂದು ಆ ಕತ್ತು ನೋಡಿದರೇ ಗೊತ್ತಾಗುತ್ತಿತ್ತು.

ಮೇಡಂ ಚಿನ್ಮಯನ ಕಡೆ ತಿರುಗಿದರು. "ಕಾಲ್ ಮಾಡಿದವನು ನೀನು. ಸೈನ್ ನಿಂದು. ಏನ್ ಮಾಡೋಣ?"

ಬ್ಯಾಂಡೇಜು ಸುತ್ತಿದ ಎರಡು ಬೆರಳುಗಳು ಅವನ ಕಣ್ಣಮುಂದೆ ಬಂದವು. ಬೇಡ ಎಂದರೆ ಅವನು ಸೇಫು. ಅವನನ್ನು ಯಾರೂ ಏನೂ ಕೇಳುವುದಿಲ್ಲ, ಮೇಡಂ ಒಂದು ಸಲ ಶಹಬ್ಬಾಸ್ ಎಂದರೂ ಎಂದಾರು.

"ಮೇಡಂ," ಎಂದ, ಸ್ವಂತ ದನಿಯಲ್ಲಿ. ಅದು ಅವನಿಗೇ ಸಣ್ಣದೆನಿಸಿತು. "ಹೆಸರು ಸುಳ್ಳು. ರೆಫರೆನ್ಸ್ ಸುಳ್ಳಲ್ಲ ಅನ್ಸತ್ತೆ. ರುದ್ರಮ್ಮ, ಅತ್ತೆ, ಇವರ ಕೈಕೆಳಗೆ ಟ್ರಿಮ್ಮಿಂಗ್ ಮಾಡಿದಾರೆ ಅಂತ ಇದ್ದದ್ದನ್ನೇ ಬರೀತೀನಿ. ಸೈನೂ ಮಾಡ್ತೀನಿ."

"ಮೇಲಿನವರು ನಗ್ತಾರೆ."

"ನಗ್ಲಿ ಮೇಡಂ. ಆದ್ರೆ ಬರೀ ಮಾತಿನ ಮೇಲೆ ಬೇಡ. ಹೋದ್ಸಲ ಹಾಗ್ ಮಾಡೇ ಕೆಟ್ಟಿದ್ದು. ಕೆಲಸ ನೋಡೋಣ."

ಮೇಡಂ ತಮ್ಮ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಟ್ರೇ ಎತ್ತಿಕೊಂಡು ಬಂದರು. ಅದರ ತುಂಬ ಕಪ್ಪು ರಬ್ಬರ್ ರಿಂಗುಗಳು. "ಇದು ಕಸ್ಟಮರ್ ವಾಪಸ್ ಕಳಿಸಿರೋ ಮಾಲು. ನಮ್ಮವರೇ ನೋಡಿ ಪಾಸ್ ಮಾಡಿದ್ದು," ಎಂದು ಭುವನೇಶ್ವರಿಯ ಮುಂದಿಟ್ಟರು. "ಸುಳ್ಳು ಹೇಳಿಸಿದ್ದು ತಪ್ಪೇ. ಅದನ್ನೂ ಬರೆಸ್ತೀನಿ. ಈಗ ಇದನ್ನ ನೋಡಿ ಹೇಳಿ."

ಭುವನೇಶ್ವರಿ ಬ್ಯಾಗನ್ನು ನೆಲಕ್ಕಿಳಿಸಿದಳು. ಸೆರಗಿನಿಂದ ಕೈ ಒರೆಸಿಕೊಂಡಳು. ಚಿನ್ಮಯ್ ಎದ್ದು ಕಿಟಕಿಯ ಪರದೆ ಸರಿಸಿ, "ಇನ್ನೊಂದ್ ಲೈಟ್ ಹಾಕ್ಲಾ ಅಕ್ಕಾ?" ಎಂದ. ಬೇಡವೆಂದು ತಲೆಯಾಡಿಸಿ ಅವಳು ಒಂದು ರಿಂಗನ್ನು ಎತ್ತಿ ಬೆಳಕಿಗೆ ಹಿಡಿದು, ಹೆಬ್ಬೆರಳಿನ ಮೇಲೆ ಮೆಲ್ಲಗೆ ತಿರುಗಿಸಿದಳು. ಅಂಚು ನುಣ್ಣಗಿತ್ತು, ಬಲಕ್ಕಿಟ್ಟಳು. ಇನ್ನೊಂದು. ಅದೂ ಬಲಕ್ಕೆ. ಕೆಳಗಿನ ಪ್ರೆಸ್ಸುಗಳ ಸದ್ದು ನೆಲದಿಂದ ಕುರ್ಚಿಯ ಕಾಲಿಗೆ ಏರಿ ಬರುತ್ತಿತ್ತು.

ಫೋನನ್ನು ಯಾರೂ ಕಟ್ ಮಾಡಿರಲಿಲ್ಲ. ಅದರೊಳಗಿಂದ ಕುಕ್ಕರ್ ಮೂರನೇ ಸಲ ಕೂಗಿತು.

"ಭುವ್ನಾ," ಎಂದಿತು ಗಡಸು ದನಿ, ಅಳುಕುತ್ತಾ. "ಮೂರಾಯ್ತು. ಆಫ್ ಮಾಡ್ಲಾ?"

"ಮಾಡತ್ತೆ," ಎಂದಳು ಅವಳು, ಕೈಯಲ್ಲಿದ್ದ ರಿಂಗಿನಿಂದ ಕಣ್ಣು ತೆಗೆಯದೆ. ಅದನ್ನು ಮತ್ತೊಮ್ಮೆ ತಿರುಗಿಸಿ ನೋಡಿ, ಎಡಕ್ಕೆ ಹಾಕಿದಳು.