ತಂಗಿಯ ಮಗ ಕೊಟ್ಟ ಮನೆ

ನಾರಾಯಣಪೇಟೆಯಲ್ಲಿ ನನ್ನಷ್ಟು ಚೆಂದ ಸೀರೆ ನೇಯುವವನು ಹಿಂದೆ ಹುಟ್ಟಿಲ್ಲ. ಮುಂದೆ ಹುಟ್ಟಿದರೂ ನನ್ನ ಹತ್ತಿರವೇ ಕಲಿಯಬೇಕು. ಇದು ನಮ್ಮಪ್ಪನಿಗೂ ಗೊತ್ತಿತ್ತು. ಆದರೂ ನನ್ನ ಬಾಯಿಗೆ ಬೇಸತ್ತು, ನಾನು ನಲವತ್ತು ವರ್ಷ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತ ಮನೆಯನ್ನು ಮೊಮ್ಮಗ ಸುರೇಂದರನ ಹೆಸರಿಗೆ ವಿಲ್ ಬರೆದಿಟ್ಟು ಹೋದ. ಸುರೇಂದರ್ ಅಂದರೆ ನನ್ನ ತಂಗಿ ಮೊಗುಲಮ್ಮನ ಮಗ.

ಹುಡುಗ ಅಪರಂಜಿ. "ಮಾವ, ಮಗ್ಗ ನಿಂದು, ಮನಿ ನಂದು ಅಂದ್ರ ಹ್ಯಾಂಗ? ನಿನ್ನ ಹೆಸರಿಗೆ ಗಿಫ್ಟ್ ಡೀಡ್ ಮಾಡಿಬಿಡ್ತೀನಿ" ಅಂದ.

ನಾನು, ಅವನು, ಮೊಗುಲಮ್ಮ ಮೂವರೂ ಆಡಿಟರ್ ಚಂದ್ರಕಾಂತರ ಬಳಿ ಹೋದೆವು.

"ಮನಿ ಕೊಡೋರು ನಿಮಗ ಏನಾಗಬೇಕ್ರೀ, ಸಾಯಣ್ಣ?"

"ತಂಗಿ ಮಗ."

"ಹಂಗಾದ್ರ ಕಷ್ಟ ಐತ್ರೀ. ಸರ್ಕಾರಿ ಬೆಲೆ ಹದಿನೆಂಟು ಲಕ್ಷ. ಅಷ್ಟೂ ಈ ವರ್ಷದ ನಿಮ್ಮ ಆದಾಯ ಅಂತ ಹಿಡೀತಾರ. ಟ್ಯಾಕ್ಸೇ ಒಂದೂವರೆ ಲಕ್ಷ ದಾಟತೈತಿ, ರಿಜಿಸ್ಟ್ರಿ ಖರ್ಚು ಬ್ಯಾರೆ."

"ಸಂಬಂಧಿಕರು ಕೊಟ್ರ ಟ್ಯಾಕ್ಸ್ ಇಲ್ಲ ಅಂತಾರಲ್ರೀ?"

"ನೀವು ಅವಗ ಕೊಟ್ರ ಇಲ್ಲ. ಕಾನೂನಿನಾಗ ಸೋದರಮಾವ ಅವನಿಗೆ ಸಂಬಂಧಿ. ಅವ ನಿಮಗ ಕೊಟ್ರ, ಅವ ನಿಮ್ಮ ಸಂಬಂಧಿ ಅಲ್ಲ."

ಆಗ ನಾನು ಕೂಗಿದ ಕೂಗಿಗೆ ಅಷ್ಟು ದೂರದ ಮಕ್ತಲ್ ಊರಿನ ಬಸ್ ಸ್ಟ್ಯಾಂಡಿನಲ್ಲಿ ಮಲಗಿದ್ದ ನಾಯಿಗಳೆಲ್ಲ ಎದ್ದು ಗದ್ವಾಲದ ಕಡೆ ಓಡಿದವಂತೆ.

"ಕಿವಿ ಚುಚ್ಚಿಸೋವಾಗ ನನ್ನ ತೊಡಿ ಮ್ಯಾಲೆ ಕೂತು ಧೋತ್ರ ತೋಯಿಸಿದವ ಇವ! ಅವನಿಗೆ ನಾ ಮಾವ, ನನಗ ಅವ ದಾರಿಹೋಕನಾ? ಸಂಬಂಧ ಒಂದ ಕಡಿಯಿಂದ ಹ್ಯಾಂಗ ನಡೀತೈತ್ರೀ?"

"ನನ್ನ ಮ್ಯಾಲೆ ಯಾಕ ಹಾರ್ತೀರಿ? ಕಾನೂನು ನಾ ಬರೆದೀನೇನು?"

ಮೊಗುಲಮ್ಮ ಸೆರಗು ಬಿಗಿದಳು. "ನನ್ನ ಹೊಟ್ಟೀಲಿ ಹುಟ್ಟಿದವ ನಮ್ಮಣ್ಣಗ ಏನೂ ಅಲ್ಲಂದ್ರ, ಹೋದ ವರ್ಷ ನಮ್ಮಣ್ಣ ಮಗಳ್ನ ಯಾರಿಗೆ ಕೊಟ್ಟಾನ?"

ಚಂದ್ರಕಾಂತರು ಕನ್ನಡಕ ತೆಗೆದರು. "ಏನು! ಸುರೇಂದರನ ಹೆಂಡತಿ ನಿಮ್ಮ ಮಗಳಾ?"

"ನವನೀತಾ. ಸೋದರಮಾವನ ಮಗಳ್ನ ಬಿಟ್ಟು ಇನ್ಯಾರನ್ನ ಮಾಡ್ಕೋಬೇಕಿತ್ತು?" ಅಂದೆ ನಾನು.

"ಮೊದಲೇ ಹೇಳಬಾರದೇನ್ರೀ! ಮಗಳ ಗಂಡ ಕೊಟ್ರ ಒಂದು ಪೈಸೆ ಇನ್‌ಕಮ್ ಟ್ಯಾಕ್ಸ್ ಇಲ್ಲ. ಮದುವಿ ಸರ್ಟಿಫಿಕೇಟ್ ತರ್ರಿ."

"ಇಪ್ಪತ್ತಾರು ವರ್ಷದಿಂದ ತಂಗಿ ಮಗ, ಒಂದು ವರ್ಷದಿಂದ ಮಗಳ ಗಂಡ. ಯಾವುದನ್ನ ಮೊದಲು ಹೇಳ್ಲಿ?"

ಮನೆ ಉಳಿಯಿತು, ಸಿಟ್ಟು ಇಳಿಯಲಿಲ್ಲ. ನನಗೆ ಮಗಳೇ ಇಲ್ಲದಿದ್ದರೆ ಈ ಹುಡುಗ ಯಾರೋ ಆಗಿಬಿಡುತ್ತಿದ್ದನಲ್ಲ! ರಿಜಿಸ್ಟ್ರಿ ದಿನ ನೋಡುತ್ತೇನೆ, ದಸ್ತಾವೇಜು ಬರೆಯುವವನು "ಮಗಳ ಗಂಡ" ಅಂತಷ್ಟೇ ಬರೆದಿದ್ದಾನೆ. ಪೆನ್ನು ಕೆಳಗಿಟ್ಟೆ.

"ತಂಗಿ ಮಗ ಅಂತ ಮೊದಲು ಬರಿ."

"ಅದಕ್ಕ ಕಾನೂನಿನಾಗ ಬೆಲೆ ಇಲ್ರೀ, ಸಾಯಣ್ಣ."

"ಬೆಲೆ ಇಲ್ಲಂದ್ರ ಪುಕ್ಕಟೆ ಬರಿ! ಇಲ್ಲಾಂದ್ರ ಸಹಿನೂ ಇಲ್ಲ, ಮನಿನೂ ಬ್ಯಾಡ."

ಅವನು ಗೊಣಗುತ್ತ ಹಾಳೆ ಬದಲಿಸಿ ಎರಡನ್ನೂ ಬರೆದ. ಮೊಗುಲಮ್ಮ ಆ ಸಾಲನ್ನು ಎರಡು ಸಲ ಜೋರಾಗಿ ಓದಿಸಿ ಕೇಳಿದಳು. ಆಮೇಲೆಯೇ ನಾನು ಸಹಿ ಹಾಕಿದೆ. ಅಷ್ಟು ದೊಡ್ಡ ಸಹಿ ಆ ಆಫೀಸಿನಲ್ಲಿ ನಿಜಾಮರ ಕಾಲದಿಂದ ಯಾರೂ ಹಾಕಿಲ್ಲ.