ಹಾಲು ಉಕ್ಕುವವರೆಗೆ

ಮನೆ ಕಟ್ಟುವಾಗ ಬಾಗಿಲ ಚೌಕಟ್ಟನ್ನು ಮೊದಲು ನಿಲ್ಲಿಸಿದ್ದೇ ತಪ್ಪಾಯಿತು. ಮನೆ ಎಂದರೆ ಅಮೆರಿಕದ ಫಾರ್ಮಿಂಗ್ಟನ್ ಹಿಲ್ಸ್‌ನ ನಮ್ಮ ಹಿತ್ತಲಲ್ಲಿ ಮಗಳು ಜಾನ್ವಿಗಾಗಿ ನಾನು ಕಟ್ಟುತ್ತಿದ್ದ ಮರದ ಆಟದ ಮನೆ, ಎತ್ತರ ಐದಡಿ. ಪಕ್ಕದ ಹಿತ್ತಲಲ್ಲಿ ವೀರೇಶ್ ತಮ್ಮ ಮಗಳು ಶರಣ್ಯಾಗೆ ಅಂಥದ್ದೇ ಕಟ್ಟುತ್ತಿದ್ದರು. ಯಾರು ಯಾರನ್ನು ನೋಡಿ ಶುರುಮಾಡಿದರೆಂಬುದಕ್ಕೆ ಎರಡು ವಾದಗಳಿವೆ. ನನ್ನದು ಸುಳ್ಳು.

ಮೊದಲು ಮುಗಿದ ಮನೆಯಲ್ಲೇ ಭಾನುವಾರ ಆಡುವುದೆಂದು ಹುಡುಗಿಯರು ತೀರ್ಮಾನಿಸಿದ್ದರು. ಜಾನ್ವಿಗೆ ಫಲಿತಾಂಶದ ಬಗ್ಗೆ ಅನುಮಾನವಿರಲಿಲ್ಲ.

"ಶರಣ್ಯಾಸ್ ಡ್ಯಾಡ್ ಬಿಲ್ಡ್ಸ್ ಥಿಂಗ್ಸ್. ಯು ವಾಚ್ ವಿಡಿಯೋಸ್."

ಆ ಮಾತನ್ನು ಸುಳ್ಳು ಮಾಡುವುದೊಂದೇ ನನಗೆ ಬೇಕಿತ್ತು.

ವೀರೇಶರ ತಾಯಿ ಶಿವಕ್ಕ ಹುಬ್ಬಳ್ಳಿಯಿಂದ ಬಂದಿದ್ದರು. ಚೌಕಟ್ಟುಗಳು ನಿಂತ ಕೂಡಲೇ ಪಕ್ಷಪಾತವಿಲ್ಲದೆ ಎರಡೂ ಹೊಸ್ತಿಲಿಗೆ ಒಂದೇ ಮುಹೂರ್ತದಲ್ಲಿ ಅರಿಸಿನ ಕುಂಕುಮ ಹಚ್ಚಿ, "ಹಾಲು ಉಕ್ಕೂ ತನಕಾ ಯಾರೂ ದಾಟಬ್ಯಾಡ್ರಿ," ಎಂದರು. ಪೂರ್ವಕ್ಕೆ ಮುಖ ಮಾಡಿದ ಎರಡೂ ಬಾಗಿಲು ಕಾಣುವಂತೆ ಕುರ್ಚಿ ಹಾಕಿಕೊಂಡು ಕೂತರು.

ಹಾಗಾಗಿ ನಾವಿಬ್ಬರೂ ಇನ್ನೂ ಏಳದ ಬದಿಗೋಡೆಯ ಕಡೆಯಿಂದ ಒಳಹೊಕ್ಕು ಕೆಲಸ ಮಾಡಿದೆವು. ಭಾನುವಾರ ಇಬ್ಬರಿಗೂ ಉಳಿದದ್ದು ಎದುರುಬದುರಾದ ಆ ಗೋಡೆಯೊಂದೇ. ಜಾಗ ಬಿಟ್ಟುಕೊಡಬಾರದೆಂದು ಇಬ್ಬರೂ ಗಡಿಯಂಚಿನಲ್ಲೇ ಕಟ್ಟಿದ್ದರಿಂದ ನಡುವೆ ಒಂದಡಿ ಸಂದಿ. ಅಡ್ಡಡ್ಡ ನುಸುಳಬಹುದು, ಸುತ್ತಿಗೆ ಬೀಸಲಾಗದು. ಒಳಗಿನಿಂದಲೇ ಹಲಗೆ ಹೊಡೆದೆ. ಕೊನೆಯ ಮೊಳೆ ಹೊಡೆದು, ಗೆದ್ದೆನೆಂದು ಹೊರಟವನಿಗೆ ದಾರಿಯೇ ಇರಲಿಲ್ಲ. ಕಿಟಕಿಯಲ್ಲಿ ತಲೆ ಹಿಡಿಸಿತು, ಹೆಗಲು ಹಿಡಿಸಲಿಲ್ಲ. ಬಾಗಿಲಾಚೆ ಶಿವಕ್ಕ.

ಪಕ್ಕದ ಸುತ್ತಿಗೆಯೂ ನಿಂತಿತು.

"ವೀರೇಶ್, ನೀವೂ ಒಳಗೇನಾ?"

"ಹೂಂರಿ. ತಂಪೈತಿ ಅಂತ ಕೂತೀನಿ."

ಹಾಲನ್ನು ಒಳಗೇ ಉಕ್ಕಿಸುತ್ತೇನೆಂದು ಹೆಂಡತಿ ಶ್ರೀಲತಾಳನ್ನು ಕೂಗಿದೆ. ಅವಳು ಎಲೆಕ್ಟ್ರಿಕ್ ಕೆಟಲನ್ನೂ ಉದ್ದ ವೈರನ್ನೂ ಕಿಟಕಿಯಲ್ಲಿ ತೂರಿಸಿ, "ನಾನು ನಗ್ತಿಲ್ಲಪ್ಪ," ಎನ್ನುತ್ತಾ ನಕ್ಕಳು. ಪಕ್ಕದ ಕಿಟಕಿಗೂ ಒಂದು ಕೆಟಲ್ ಹೋಯಿತು.

ಹಾಲು ಏರಿತು. ಅಂಚಿಗೆ ಬರುವಷ್ಟರಲ್ಲಿ ಕೆಟಲ್ ಟಕ್ಕೆಂದು ತಾನಾಗಿ ಆಫ್ ಆಯಿತು. ಮತ್ತೆ ಹಾಕಿದೆ. ಮತ್ತೆ ಟಕ್. ಪಕ್ಕದಲ್ಲೂ ಟಕ್.

"ಸತ್ಯಾ ಅವರ, ಮುಚ್ಚಳಾ ತಗದ್ ಇಡ್ರೀ. ಆಫ್ ಆಗೂದಿಲ್ಲ."

ವೀರೇಶರಿಗೆ ಗೆಲ್ಲುವ ಹಟಕ್ಕಿಂತ ಹೇಳಿಕೊಡುವ ಚಟ ದೊಡ್ಡದು. ತೆಗೆದಿಟ್ಟೆ. ಹಾಲು ಧಾರಾಳವಾಗಿ ಉಕ್ಕಿ ನನ್ನ ಪಾದದ ಮೇಲೆ ಸುರಿಯಿತು. ಹಾರಿದೆ. ತಲೆ ಸೂರಿಗೂ ಬೆನ್ನು ಹೊಸ ಗೋಡೆಗೂ ಬಡಿಯಿತು. ಒಂದು ಮೊಳೆಯೂ ನನ್ನ ಪರ ನಿಲ್ಲಲಿಲ್ಲ. ನನ್ನ ಗೋಡೆ ಸಂದಿ ದಾಟಿ ವೀರೇಶರ ಗೋಡೆಯ ಮೇಲೆ ಬಿತ್ತು. ಅದು ಅವರ ಮೇಲೂ ಅವರ ಕೆಟಲ್ ಮೇಲೂ ಬಿತ್ತು. ಹಲಗೆ ಸರಿಸಿ ಎದ್ದು ಕೂತವರ ಮೀಸೆಯಿಂದ ಹಾಲು ತೊಟ್ಟಿಕ್ಕುತ್ತಿತ್ತು.

"ಆಂಟಿ, ಉಕ್ತು!" ಎಂದು ಕೂಗಿದೆ.

"ಉಕ್ಕಿದ್ದು ಖರೇನಪಾ," ಎಂದರು ಶಿವಕ್ಕ. "ಮನಿ ಎಲ್ಲೈತಿ?"

ಆದರೂ ಕುರ್ಚಿ ಸರಿಸಿದರು. ಎಂಟು ವಾರಾಂತ್ಯಗಳಿಂದ ನಾನು ಕಾದಿದ್ದ ಗಳಿಗೆ. ಜಾನ್ವಿ ಓಡಿಬಂದಳು, ಶರಣ್ಯಾಳ ಹಿಂದೆ, ವೀರೇಶರ ಬಾಗಿಲಲ್ಲಿ ಬಲಗಾಲಿಟ್ಟು ಒಳಹೊಕ್ಕು, ಬಿದ್ದ ಗೋಡೆಗಳನ್ನು ತುಳಿದು ನನ್ನ ಮನೆಗೆ ಬಂದಳು. ಈ ತುದಿಯಿಂದ ಆ ತುದಿಯವರೆಗೆ ಕಣ್ಣರಳಿಸಿ ನೋಡಿದಳು.

"ವಾವ್, ಇಟ್ಸ್ ಹ್ಯೂಜ್! ಹೂ ಬಿಲ್ಟ್ ಇಟ್?"

"ನಾನು," ಎಂದೆ.

"ನಾನು," ಎಂದರು ವೀರೇಶ್.